ಬಾಲದ ಲೆಕ್ಕ

ಲೇನಾ ನದಿಯಿಂದ ಒಳಗೆ, ಎರಡು ದಿನದ ಕುದುರೆ ದಾರಿ.
ತಟ್ಟೆಯಂಥ ಹುಲ್ಲುಗಾವಲು, ನಡುವೆ ಕೆರೆ,
ಸುತ್ತ ಲಾರ್ಚ್ ಮರದ ಕಾಡು.
ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗಲು ಮರೆಯುತ್ತಾನೆ.
ಅವು ಅದನ್ನೇ ಕಾಯುತ್ತಿರುತ್ತವೆ.

ಮೊದಲು ಬರುವುದು ಗುಂಗಾಡು, ಅದಕ್ಕೊಂದು ಹಾಡಾದರೂ ಇದೆ.
ಆಮೇಲೆ ನುಸಿ,
ಕಣ್ಣಿಗೆ ಕಾಣದ್ದು, ಕಣ್ಣೊಳಗೇ ಸಿಗುವುದು.
ಆಮೇಲೆ ಆಕೆ,
ಹೆಬ್ಬೆರಳಿನ ಉಗುರಿನಷ್ಟು ದಪ್ಪ, ಹಸಿರು ಗಾಜಿನ ಕಣ್ಣು,
ಸೂಜಿಯಿಂದ ಚುಚ್ಚುವವಳಲ್ಲ, ಕತ್ತರಿಯಿಂದ ಕೊಯ್ಯುವವಳು.
ಒಮ್ಮೆ ನನ್ನ ರೆಪ್ಪೆಗೆ ಕೂತಳು;
ಮೂರು ದಿನ ಲೋಕ ಅರ್ಧವೇ ಇತ್ತು.

ನನಗಾಗ ಒಂಬತ್ತು. ನನ್ನ ಕೆಲಸ ಚೌರಿ ಬೀಸುವುದು.
ಕುದುರೆ ಬಾಲದ ಕೂದಲು, ಬರ್ಚ್ ಮರದ ಹಿಡಿ,
ಹಿಡಿಯ ಮೇಲೆ ಯಾರದೋ ಹಲ್ಲಿನ ಗುರುತು.
ದೂರದ ಬಿಸಿಲು ಸೀಮೆಯಲ್ಲಿ
ರಾಜರಿಗೂ ದೇವರಿಗೂ ಬೀಸುತ್ತಾರೆಂದು ಆಮೇಲೆ ಓದಿದೆ.
ನಾನು ಬೀಸಿದ್ದು ಕುಗಾಸ್ ಎಂಬ ಕೆಂಬಣ್ಣದ ಹಸುವಿನ ಕೆಚ್ಚಲಿಗೆ,
ಅದರ ಪಕ್ಕ ಕುಕ್ಕರಗಾಲಲ್ಲಿ ಕೂತ ಒಗ್ದೂ ಅತ್ತೆಯ ಬೆವೆತ ಕತ್ತಿಗೆ.
ಒಂದೇ ಚೌರಿ, ಎರಡು ಜೀವ.
ಇತ್ತ ಬೀಸಿದರೆ ಅತ್ತ ಕಚ್ಚಿತು,
ಹಸು ಒದೆಯಿತು, ಬಕೆಟ್ಟು ಉರುಳಿತು,
ಬೈಗುಳ ಮಾತ್ರ ನನ್ನೊಬ್ಬನಿಗೇ.

ಸಂಜೆ ಎಂದು ಕರೆಯಬೇಕಾದ ಆ ಬೆಳಕಿನಲ್ಲಿ
ಅತ್ತೆ ಒಣ ಸಗಣಿ ಒಟ್ಟಿ, ಕೆಂಡ ಇಟ್ಟು,
ಮೇಲೆ ಹಸಿ ಹುಲ್ಲು ಮುಚ್ಚುತ್ತಿದ್ದಳು.
ಉರಿ ಎದ್ದರೆ ತಪ್ಪು, ಆರಿದರೆ ಇನ್ನೂ ತಪ್ಪು.
ಮಗುವಿನ ಹುಣ್ಣಿಗೆ ಊದುವ ಹಾಗೆ ಊದಬೇಕು.
ಹೊಗೆ ಕಂಡದ್ದೇ ತಡ, ಕಾಡಿನೊಳಗಿಂದ ದನಗಳು
ಕರೆಯದೆ ಬಂದವು.
ಬೇರೆ ಕಡೆ ಮರದ ನೆರಳಿಗೆ ನಿಲ್ಲುವ ಹಾಗೆ
ಹೊಗೆಯ ನೆರಳಿಗೆ ನಿಂತವು,
ಕಣ್ಣಲ್ಲಿ ನೀರು, ಬಾಯಲ್ಲಿ ಮೆಲುಕು.
ಗಾಳಿ ತಿರುಗಿದರೆ ಅವೂ ತಿರುಗಿದವು, ನಾವೂ ತಿರುಗಿದೆವು.
ಎಳೆಗರುವೊಂದು ಮಾತ್ರ ತಿಳಿಯದೆ ಬೂದಿ ನೆಕ್ಕಿ
ಮೂಗು ಸುಟ್ಟುಕೊಂಡಿತು.

ಆ ವರ್ಷ ಇನ್ನೊಕೆಂಟಿ ಬಂದ, ಪಶುವೈದ್ಯ,
ಮೋಟಾರ್‌ಸೈಕಲ್ ಮೇಲೆ, ಜಾಲರಿಯ ಟೋಪಿ ಹಾಕಿಕೊಂಡು.
ದನಗಳಿಗೆ ಚುಚ್ಚಿದ, ಚಹಾ ಕುಡಿದ,
ಲೋಟದೊಳಗಿಂದ ಒಂದನ್ನು ಬೆರಳಲ್ಲಿ ಎತ್ತಿ ಹೇಳಿದ:
“ಗಂಡು ಪಾಪ ಹೂವಿನ ರಸ ಕುಡಿದುಕೊಂಡು ಇರುತ್ತೆ.
ಕಚ್ಚೋದೆಲ್ಲ ಹೆಣ್ಣೇ. ಮೊಟ್ಟೆಗೆ ರಕ್ತ ಬೇಕು.
ತಾಯಿ ಅಲ್ವಾ, ಏನು ಮಾಡ್ತಾಳೆ?”

ಅತ್ತೆ ಮಾತಾಡಲಿಲ್ಲ.
ಏಳು ಹೆತ್ತು ಮೂರು ಉಳಿಸಿಕೊಂಡವಳು.
ಕುಗಾಸಿನ ಹೆಗಲ ಮೇಲೆ ಒಬ್ಬಳು ಕೂತಿದ್ದಳು,
ಬಾಲಕ್ಕೂ ನಾಲಿಗೆಗೂ ಎಟುಕದ ಆ ಒಂದು ಗೇಣು ಜಾಗದಲ್ಲಿ.
ಅತ್ತೆ ಬಾಗಿ, ಹಸಿರು ಕಣ್ಣನ್ನು ಬಹಳ ಹೊತ್ತು ನೋಡಿದಳು.
ಬಿಟ್ಟಾಳು ಎಂದುಕೊಂಡೆ.
ಫಟ್.
“ತಾಯಿಯಾದ್ರೆ ಒಂದು ಮಾತು ಕೇಳಬೇಕಿತ್ತು,” ಎಂದಳು,
“ನಾನು ಕರೆಯೋ ಮುಂಚೆ ಇವಳನ್ನ ಹೆಸರು ಹಿಡಿದು ಕರೀತೀನಿ.”
ಅಂಗೈಯ ರಕ್ತವನ್ನು ಹಸುವಿನ ಮೈಗೇ ಒರೆಸಿದಳು,
ಅದರದ್ದು ಅದಕ್ಕೆ.

ಆಗಸ್ಟ್ ಕೊನೆಗೆ ಒಂದು ಬೆಳಗ್ಗೆ ಹುಲ್ಲು ಬೆಳ್ಳಗಿತ್ತು.
ಅಷ್ಟೇ.
ಕಿಟಕಿಯ ಸಂದಿಯಲ್ಲಿ ಆಕೆ ಕಾಲು ಮಡಚಿ ಅಂಗಾತ ಮಲಗಿದ್ದಳು,
ಕಣ್ಣಿನ ಹಸಿರು ಆಗಲೇ ಕಂದು.

ಜನವರಿ. ಹೊರಗೆ ಸೊನ್ನೆಗಿಂತ ಐವತ್ತು ಕೆಳಗೆ.
ಸಗಣಿ ಮೆತ್ತಿದ ಗೋಡೆಯ ಕೊಟ್ಟಿಗೆಯೊಳಗೆ
ಕತ್ತಲು, ಹಬೆ, ಒಂದು ಲಾಟೀನು.
ಕಚ್ಚುವುದು ಯಾವುದೂ ಇಲ್ಲ, ನೂರಾರು ಮೈಲಿ.
ಆದರೂ ಕುಗಾಸಿನ ಬಾಲ
ಎಡಕ್ಕೊಮ್ಮೆ, ಬಲಕ್ಕೊಮ್ಮೆ,
ಯಾರಿಗೋ ಲೆಕ್ಕ ಒಪ್ಪಿಸುತ್ತಿತ್ತು.
ಪಕ್ಕದಲ್ಲಿ ಕೂತ ಅತ್ತೆ ಕರೆಯುತ್ತ ಕರೆಯುತ್ತ
ಒಂದು ಕೈ ಬಿಡಿಸಿ
ಖಾಲಿ ಕತ್ತಿಗೆ ಒಂದೇಟು ಹಾಕಿಕೊಂಡಳು.

ನಾನು ಮೊಳೆಯಿಂದ ಚೌರಿ ಇಳಿಸಿ
ಬೀಸಲು ನಿಂತೆ.
ಬೇಡ ಎನ್ನಲಿಲ್ಲ.